ಬೇಯಿಸಿದ ಸೀಗಡಿಯ ಬಣ್ಣದ ಗೌನು

ಸ್ಟಿಗ್ ವೆಂದೆಲ್‌ಗೆ ಆ ಗುರುವಾರ ಗ್ರಹಚಾರ ವಕ್ಕರಿಸಿದ್ದು ‘ಮೃದು’ ಎಂಬ ಎರಡಕ್ಷರದ ಪದದಿಂದ.

ಉತ್ತರದ ಚಳಿದೇಶವೊಂದರ ಬೂರೋಸ್ ಪಟ್ಟಣದ ಬಟ್ಟೆ ಕಂಪನಿಯೊಂದರಲ್ಲಿ ಅವನದು ಮೂವತ್ತೊಂದು ವರ್ಷದ ನೌಕರಿ. ಹಿಂದೆ ಕಂಪನಿಯ ದಪ್ಪ ಕ್ಯಾಟಲಾಗ್ ಅಂಚೆಯಲ್ಲಿ ಮನೆಮನೆಗೆ ಹೋಗುತ್ತಿತ್ತು. ಈಗ ಎಲ್ಲ ವೆಬ್‌ಸೈಟಿನಲ್ಲೇ. ಸ್ಟಿಗ್‌ನ ಕೆಲಸ ಮಾತ್ರ ಅಂದಿನದೇ. ಅಂಗಿ, ಟೊಪ್ಪಿ, ಕಾಲುಚೀಲಗಳ ಚಿತ್ರದ ಕೆಳಗೆ ಮೂರು ಸಾಲು ಹೊಗಳಿಕೆ ಬರೆಯುವುದು.

ಆ ವರ್ಷ ಬೆಣ್ಣೆಯ ಬೆಲೆ ಕೇಳಿದವರು ಬ್ರೆಡ್ಡನ್ನು ಬರಿದೇ ತಿನ್ನುತ್ತಿದ್ದರು. ಜನ ವೆಬ್‌ಸೈಟಿಗೆ ಬರುವರು, ಕೋಟು ಆರಿಸಿ ಬುಟ್ಟಿಗೆ ಹಾಕುವರು, ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋಗುವರು. ಕಚೇರಿಯ ಗೋಡೆಯ ದೊಡ್ಡ ಪರದೆಯಲ್ಲಿ ಗಂಟೆಗೆಷ್ಟು ಆರ್ಡರು ಬಂತೆಂದು ತೋರಿಸುವ ಹಸಿರು ಅಂಕಿ ವಸಂತದಿಂದಲೂ ಗೊರಕೆ ಹೊಡೆಯುತ್ತಿತ್ತು.

ಬೆಳಿಗ್ಗೆ ಹೊಸ ಮುಖ್ಯಸ್ಥೆ ಯೋಸೆಫಿನ್ ಅವನ ಮೇಜಿನ ಬಳಿ ಬಂದಳು.

“ಸ್ಟಿಗ್, ಮುಂದಿನ ತಿಂಗಳಿಂದ ವಿವರಣೆ ಬರೆಯೋಕೆ ಯಂತ್ರ ಬರುತ್ತೆ. ನಿಮಿಷಕ್ಕೆ ನಾನೂರು ಬರೆಯುತ್ತಂತೆ.”

“ಅದು ಯಾವತ್ತಾದ್ರೂ ಕಾಲುಚೀಲ ಹಾಕ್ಕೊಂಡಿದೆಯಾ?”

“ಅದಕ್ಕೆ ಕಾಲೆಲ್ಲಿದೆ?”

“ನಾನೂ ಅದನ್ನೇ ಕೇಳ್ತಿರೋದು.”

ಆ ದೇಶದಲ್ಲಿ ಮೇಲಧಿಕಾರಿಗೂ ಏಕವಚನವೇ. ಜಗಳಕ್ಕೆ ಬಹಳ ಅನುಕೂಲ.

“ಅಲ್ಲಿವರೆಗೆ ನೀನೇ ಬರಿ,” ಎಂದಳು ಯೋಸೆಫಿನ್. “ಚಳಿಗಾಲದ ನಲವತ್ತು ಉಡುಪು ಊಟದ ಹೊತ್ತಿಗೆ ಮುಗೀಬೇಕು. ‘ಮೃದು’ ಅನ್ನೋದು ಜಾಸ್ತಿ ಇರಲಿ. ಜನ ಹುಡುಕೋದು ಅದನ್ನೇ ಅಂತ ಕಂಪ್ಯೂಟರ್ ಹೇಳ್ತಿದೆ.”

ಮೊದಲನೆಯದು ಉಣ್ಣೆಯ ಕಾಲುಚೀಲ. ಸ್ಟಿಗ್ ಅದರೊಳಗೆ ಕೈ ತೂರಿಸಿದ. ಕುದುರೆಯ ಮೈ ಉಜ್ಜುವ ಬ್ರಷ್ಷಿನಂತಿತ್ತು. ‘ಮೃದು’ ಎಂದು ಬರೆಯಲು ಹೋದ. ಬೆರಳು ಮುಷ್ಕರ ಹೂಡಿತು. ಹೇಗೂ ಯಂತ್ರ ಬರುತ್ತದೆ, ಇನ್ನು ಯಾರ ಮುಲಾಜು? ಅವನು ಬರೆದ: ‘ಮೃದುವಲ್ಲ. ಮೂರು ದಿನ ಚುಚ್ಚುತ್ತದೆ, ಆಮೇಲೆ ಒಗ್ಗುತ್ತದೆ. ಆದರೆ ಹತ್ತು ಚಳಿಗಾಲ ಬಾಳುತ್ತದೆ.’ ಬರೆದವನೇ ವೆಬ್‌ಸೈಟಿಗೆ ಏರಿಸಿಬಿಟ್ಟ.

ಮೈ ಹಗುರವಾಯಿತು. ಮುಂದಿನದು ಪ್ಯಾಂಟು: ‘ಎರಡನೇ ಒಗೆತಕ್ಕೆ ಒಂದಂಗುಲ ಗಿಡ್ಡವಾಗುತ್ತದೆ. ಎತ್ತರದವರು ದೂರವಿರಿ.’ ಹೀಗೆ ಮೂವತ್ತೊಂಬತ್ತು ಆದವು. ಕೊನೆಯದು ಮನೆಯಲ್ಲಿ ತೊಡುವ ಗುಲಾಬಿ ಗೌನು. ‘ಬಲು ಬೆಚ್ಚಗಿದೆ,’ ಎಂದು ಬರೆದ. ‘ಆದರೆ ತೊಟ್ಟವರು ಬೇಯಿಸಿದ ಸೀಗಡಿಯಂತೆ ಕಾಣುತ್ತಾರೆ. ನನ್ನ ಹೆಂಡತಿಯ ಬಳಿ ಒಂದಿದೆ. ಒಂಬತ್ತು ವರ್ಷದಿಂದ ಹೇಳುವ ಧೈರ್ಯ ಬಂದಿಲ್ಲ.’

ಗ್ರಾಹಕರ ಫೋನು ತೆಗೆದುಕೊಳ್ಳುವ ಬೆರಿತ್ ಅವನ ಹೆಗಲ ಮೇಲಿಂದ ಇಣುಕಿದಳು.

“ನಿನಗೇನು ಜ್ವರ ಬಂದಿದ್ಯಾ?”

“ಮೂವತ್ತೊಂದು ವರ್ಷದಿಂದ ಇತ್ತು. ಇವತ್ತು ಬಿಡ್ತು.”

ಬೆರಿತ್‌ಳ ಹೊಟ್ಟೆಯಲ್ಲಿ ಗುಟ್ಟು ನಿಂತ ಇತಿಹಾಸವಿಲ್ಲ. ಗೌನಿನ ಪುಟವನ್ನು ತಂಗಿಗೆ ಕಳಿಸಿದಳು, ತಂಗಿ ತನ್ನ ಚರ್ಚಿನ ಹಾಡುಗಾರರಿಗೆಲ್ಲ ಕಳಿಸಿದಳು, ಊಟದ ಹೊತ್ತಿಗೆ ಅರ್ಧ ದೇಶ ಅದನ್ನು ಓದಿ ನಗುತ್ತಿತ್ತು.

ಕ್ಯಾಂಟೀನಿನಲ್ಲಿ ಗುರುವಾರದ ವಾಡಿಕೆಯ ಬಟಾಣಿ ಸೂಪಿನ ಮುಂದೆ ಕೂತಿದ್ದ ಸ್ಟಿಗ್‌ನ ಎದುರು ಕಾರ್ಮಿಕ ಸಂಘದ ರೋಲಾಂಡ್ ಬಂದು ಕೂತ. “ಕ್ಷಮೆ ಕೇಳಬೇಡ. ಕೇಳಿದ್ರೆ ತಪ್ಪು ಒಪ್ಪಿಕೊಂಡ ಹಾಗೆ.”

“ನಾನ್ಯಾಕೆ ಕೇಳಲಿ?”

“ಕೇಳಲ್ಲ ಅಂತಾನೂ ಹೇಳಬೇಡ. ಅದು ಉದ್ಧಟತನ.”

“ಮತ್ತೇನು ಮಾಡ್ಲಿ?”

“ಸೂಪು ಕುಡಿ.”

ಕುಡಿಯಲು ಬಿಡದೆ ಯೋಸೆಫಿನ್ ಬಂದಳು. ಮುಖ ಗೌನಿನ ಬಣ್ಣಕ್ಕೆ ತಿರುಗಿತ್ತು.

“ಎಲ್ಲಾ ತೆಗಿ. ಈಗಲೇ.”

“ತೆಗೆಯಲ್ಲ. ನಲವತ್ತರಲ್ಲಿ ಒಂದೇ ಒಂದು ಸುಳ್ಳು ತೋರಿಸು, ತೆಗೀತೀನಿ.”

ಅವಳು ಬಾಯಿ ತೆರೆದಳು. ಸ್ಟಿಗ್ ಸುಮ್ಮನೆ ಅವಳ ಪ್ಯಾಂಟಿನ ಕಡೆ ನೋಡಿದ. ಕಂಪನಿಯದೇ; ಕಣಕಾಲಿನಿಂದ ಒಂದಂಗುಲ ಮೇಲೆ ನಿಂತಿತ್ತು. ಅವಳು ಅದನ್ನು ಕೆಳಕ್ಕೆ ಜಗ್ಗಿಕೊಂಡಳು.

ಅಷ್ಟರಲ್ಲಿ ಬೆರಿತ್ ಓಡಿಬಂದಳು. “ಬಂದು ಪರದೆ ನೋಡಿ. ಅದಕ್ಕೆ ಹುಚ್ಚು ಹಿಡಿದಿದೆ.”

ಹಸಿರು ಅಂಕಿ ನಿದ್ದೆ ಕೊಡವಿಕೊಂಡು ಕುಪ್ಪಳಿಸುತ್ತಿತ್ತು. ಕಾಲುಚೀಲ ಖಾಲಿ. ಗೌನು ಹದಿನೈದು ನಿಮಿಷಕ್ಕೆ ಒಂಬೈನೂರು. ಫೋನುಗಳು ಒಂದೇ ಸಮ ಬಡಿದುಕೊಳ್ಳುತ್ತಿದ್ದವು. “ಆ ಚುಚ್ಚೋ ಕಾಲುಚೀಲ ಮತ್ತೆ ಯಾವಾಗ ಬರುತ್ತೆ?” ಎಂದು ಒಬ್ಬ ಮುದುಕ ಕೇಳುತ್ತಿದ್ದ. “ಈ ಕಾಲದಲ್ಲಿ ಎರಡೆರಡು ಸಲ ಮೋಸ ಹೋಗೋಕಾಗಲ್ಲಮ್ಮ. ಚುಚ್ಚುತ್ತೆ ಅಂತ ಮೊದಲೇ ಹೇಳಿದೀರಲ್ಲ, ಅಷ್ಟು ಸಾಕು.”

ಯೋಸೆಫಿನ್ ಒಂದು ನಿಮಿಷ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದಳು: “ಇದನ್ನೇ ನಾನು ವಸಂತದಿಂದ ಯೋಚನೆ ಮಾಡ್ತಿದ್ದೆ.”

ಸ್ಟಿಗ್‌ಗೆ ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿ ಎದೆ ಅಂಗಿಗಿಂತ ದೊಡ್ಡದಾಯಿತು. “ಹಾಗಾದ್ರೆ ನನ್ನದೊಂದು ಷರತ್ತು. ಯಂತ್ರ ಬರಕೂಡದು. ವಿವರಣೆ ಮನುಷ್ಯರೇ ಬರೀಬೇಕು.”

“ಕಾಗದದ ಮೇಲೆ. ಸಹಿ ಸಮೇತ,” ಎಂದು ರೋಲಾಂಡ್ ಸೇರಿಸಿದ.

“ನಾಲ್ಕು ಗಂಟೆಗೆ ಕೊಡ್ತೀನಿ,” ಎಂದು ಯೋಸೆಫಿನ್ ಹೊರಟಳು.

ಸ್ಟಿಗ್ ಯುದ್ಧ ಗೆದ್ದ ಸೇನಾಪತಿಯ ಹಾಗೆ ಕೂತು ದಾಲ್ಚಿನ್ನಿ ಬನ್ನು ತಿನ್ನುತ್ತಿದ್ದಾಗ ಬೆರಿತ್ ಮೆಲ್ಲಗೆ ಬಂದಳು. “ಗೌನಿನ ಕೆಳಗೆ ಗ್ರಾಹಕರ ಅಭಿಪ್ರಾಯ ನೋಡಿದ್ಯಾ?”

‘ಸೀಗಡಿ’ ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದರು: ‘ಗೌನಿಗೆ ಐದು ನಕ್ಷತ್ರ. ಮನೆಯಲ್ಲಿ ಅದರ ಜತೆಗಿರುವ ಗಂಡ 1989ರಲ್ಲಿ ಮನೆಗೆ ತಂದ ಮಾದರಿ. ಚಿತ್ರದಲ್ಲಿ ಕಂಡದ್ದಕ್ಕಿಂತ ಗಿಡ್ಡ. ಮೊಣಕೈ, ಮಾತು ಎರಡೂ ಸವೆದಿವೆ. ಸದ್ದು ಹೆಚ್ಚು, ಕೆಲಸ ಕಡಿಮೆ. ವಾಪಸು ಕಳಿಸುವ ಅವಧಿ ಮುಗಿದದ್ದರಿಂದ ಇಟ್ಟುಕೊಂಡಿದ್ದೇನೆ. ಎರಡು ನಕ್ಷತ್ರ.’

ಸ್ಟಿಗ್ ಬನ್ನು ಕೆಳಗಿಟ್ಟ. ಅವನ ಹೆಂಡತಿ ಗುನಿಲ್ಲಾ ಕೆಲಸ ಮಾಡುತ್ತಿದ್ದ ಬಣ್ಣದ ಕಾರ್ಖಾನೆ ಮುಚ್ಚಿ ಆರು ತಿಂಗಳಾಗಿತ್ತು. ಬಿಡುವಾಗಿದ್ದಳು. ಮೇಲಾಗಿ ಬೆರಿತ್‌ಳ ತಂಗಿಯ ಜತೆ ಅದೇ ಚರ್ಚಿನಲ್ಲಿ ಹಾಡುತ್ತಿದ್ದಳು.

ಸ್ಟಿಗ್ ಫೋನು ಮಾಡಿದ. “ಗುನಿಲ್ಲಾ, ಏನೇ ಇದು?”

“ವಿವರಣೆ.”

“ಇಡೀ ದೇಶ ಓದ್ತಿದೆ.”

“ಸೀಗಡಿ ವಿಷಯಾನೂ ಓದ್ತು. ನಾನು ಬರೆದಿದ್ರಲ್ಲಿ ಯಾವುದು ಸುಳ್ಳು ಹೇಳು?”

ಅವನು ಯೋಚಿಸುತ್ತಿರುವಾಗಲೇ ಅವಳು, “ಇರು, ಇನ್ಯಾರೋ ಫೋನ್ ಮಾಡ್ತಿದಾರೆ,” ಎಂದು ಇಟ್ಟುಬಿಟ್ಟಳು.

ಸರಿಯಾಗಿ ನಾಲ್ಕಕ್ಕೆ ಯೋಸೆಫಿನ್ ಕಾಗದ ತಂದಳು. ರೋಲಾಂಡ್ ಕನ್ನಡಕ ಹಾಕಿಕೊಂಡು ಓದಿದ. ಯಂತ್ರ ಬರುವುದಿಲ್ಲ. ವಿವರಣೆಯನ್ನು ಮನುಷ್ಯರೇ ಬರೆಯತಕ್ಕದ್ದು. ಸಹಿ ಇತ್ತು. “ಒಂದು ಅಕ್ಷರ ತಪ್ಪಿಲ್ಲ,” ಎಂದ.

“ಹಾಗಾದ್ರೆ ನಾಳೆಯಿಂದ ನಾನು...” ಎಂದು ಸ್ಟಿಗ್ ಶುರುಮಾಡಿದ.

“ನಾಳೆಯಿಂದ ಅವಳು ಬರ್ತಾಳೆ.”

“ಯಾರು?”

“ಸೀಗಡಿ. ನಿನ್ನ ಗೌನಿಗಿಂತ ನಾಲ್ಕು ಪಟ್ಟು ಜನ ಅವಳನ್ನ ಓದಿದಾರೆ. ಫೋನ್ ಮಾಡಿದೆ, ನಾನು ವಾಕ್ಯ ಮುಗಿಸೋ ಮುಂಚೆ ಒಪ್ಪಿಕೊಂಡಳು. ಜಾಗ ಒಂದೇ ಇರೋದು, ಕಾಲ ಎಂಥದ್ದು ಅಂತ ನಿನಗೆ ಗೊತ್ತು. ನೀನು ಗೋದಾಮಿಗೆ ಹೋಗು, ವಾಪಸು ಬಂದ ಮಾಲಿನ ವಿಭಾಗಕ್ಕೆ.”

ಸ್ಟಿಗ್ ರೋಲಾಂಡ್‌ನ ಮುಖ ನೋಡಿದ. ರೋಲಾಂಡ್ ಕಾಗದವನ್ನು ಇನ್ನೊಮ್ಮೆ ಓದಿದ.

“‘ಮನುಷ್ಯರು’ ಅಂತ ಹೇಳಿದ್ದು ನೀನೇ. ಯಾವ ಮನುಷ್ಯರು ಅಂತ ಹೇಳಲಿಲ್ಲ.”

“ನಾನು ಬಿಡೋದಿಲ್ಲ,” ಎಂದು ಸ್ಟಿಗ್ ಮೇಜು ಗುದ್ದಿದ. “ಈ ಕುರ್ಚಿ ಬಿಟ್ಟು ಏಳಲ್ಲ. ಕೋರ್ಟಿಗಾದ್ರೂ ಹೋಗ್ತೀನಿ. ಸಂಘ ನನ್ನ ಬೆನ್ನಿಗಿದೆ. ಅಲ್ವೇನೋ ರೋಲಾಂಡ್?”

ರೋಲಾಂಡ್‌ನ ಜೇಬಿನಲ್ಲಿ ಫೋನು ಚಿಂವ್ ಎಂದಿತು. ತೆಗೆದು ನೋಡಿ, ಕೆಮ್ಮಿ, ನಿಧಾನವಾಗಿ ಎದ್ದು ಯೋಸೆಫಿನ್‌ಳ ಪಕ್ಕ ಹೋಗಿ ನಿಂತ.

“ಗುನಿಲ್ಲಾ ಈಗ ತಾನೇ ಸಂಘಕ್ಕೆ ಸೇರಿದಾಳೆ,” ಎಂದ. “ಅವಳ ಕುರ್ಚಿ ಬಿಟ್ಟು ಏಳು, ಸ್ಟಿಗ್. ಹೊಸ ಸದಸ್ಯರ ಹಕ್ಕಿಗೆ ಯಾರೇ ಅಡ್ಡ ಬಂದ್ರೂ ನಾವು ಸುಮ್ಮನಿರಲ್ಲ.”