ಕ್ಯಾಬಿನ್ನಿನ ಕ್ಯಾಮೆರಾ ಮತ್ತು ದೊಡ್ಡಮ್ಮನ ತೊಟ್ಟಿಲು

ಲಾರಿ ಡ್ರೈವರಾಗಿ ಕಳೆದ ಹದಿನಾರು ವರ್ಷಗಳಲ್ಲಿ ನಾನು ಒಂದು ಕೋಳಿಗೂ ಗುದ್ದಿದವನಲ್ಲ. ಇಂಥ ನಿಷ್ಕಳಂಕ ಪುರುಷನಿಗೆ ಕ್ಯಾಮೆರಾ ಕಂಡರೆ ಭಯವೇಕೆ? ಹೀಗೆಂದು ಭಾವಿಸಿದ್ದೇ ನನ್ನ ಸಕಲ ಅನರ್ಥಗಳಿಗೂ ಮೂಲ.

ಮೊಬೈಲಿನಲ್ಲಿ ಕ್ಯಾಮೆರಾ ಇದ್ದರೆ ಊರೆಲ್ಲ ತಿರುಗಿ ನೋಡುತ್ತಿದ್ದ ಕಾಲ ಅದು. ಚಿಕ್ಕಬಳ್ಳಾಪುರದ ನಮ್ಮ ಓನರ್ ರಾಮಚಂದ್ರಪ್ಪನವರಿಗೆ ಎಂಟು ಲಾರಿಗಳು, ಎಂಟು ಜನ ಡ್ರೈವರುಗಳು. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಆಫೀಸಿಗೆ ಕರೆದು ಘೋಷಿಸಿದರು. ಪ್ರತಿ ಕ್ಯಾಬಿನ್ನಿಗೂ ಒಂದೊಂದು ಕ್ಯಾಮೆರಾ! ಚಿತ್ರವೂ ಬರುತ್ತದೆ, ಮಾತೂ ಕೇಳುತ್ತದೆ. ಶನಿವಾರ ಅದರ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿ ಅವರು ನೋಡುತ್ತಾರೆ.

"ಎರಡೇ ರೂಲ್ಸು. ಹೊರಗಿನವರನ್ನ ಕ್ಯಾಬಿನ್‌ಗೆ ಹತ್ತಿಸೋ ಹಾಗಿಲ್ಲ. ಕ್ಯಾಮೆರಾ ಮುಚ್ಚೋ ಹಾಗಿಲ್ಲ. ಒಂದು ತಪ್ಪಿದ್ರೂ ಕೀ ಟೇಬಲ್ ಮೇಲಿಟ್ಟು ಮನೆಗೆ ಹೋಗ್ಬೋದು. ಈಗ ನಿಮ್ಮ ಅಭಿಪ್ರಾಯ ಹೇಳ್ರಪ್ಪ."

ಹಿರಿಯ ಡ್ರೈವರ್ ಬಾಷಾ ಭಾಯಿ ಎದ್ದು ನಿಂತರು. "ಓನರ್, ಕ್ಯಾಬಿನ್ ಅಂದ್ರೆ ನಮ್ಗೆ ಮನೆ. ಅಲ್ಲೇ ಉಣ್ತೀವಿ, ಅಲ್ಲೇ ಮಲಗ್ತೀವಿ, ಅಲ್ಲೇ ಲುಂಗಿ ಬದಲಾಯಿಸ್ತೀವಿ. ನೀವು ಮಲಗೋ ರೂಮಲ್ಲಿ ನಾವು ಕ್ಯಾಮೆರಾ ಇಡ್ಲಾ?"

ವೆಂಕಟರವಣಪ್ಪ ಕೂತಲ್ಲಿಂದಲೇ ಹೇಳಿದ. "ಮದುವೆ ಆಗಿ ಇಪ್ಪತ್ತು ವರ್ಷ ಆಯ್ತು, ನನ್ ಹೆಂಡ್ತೀನೇ ನನ್ ಮುಖ ಅಷ್ಟು ಹೊತ್ತು ನೋಡಿಲ್ಲ. ನೀವು ನೋಡಿ ಏನ್ ಮಾಡ್ತೀರಾ?"

ಎಲ್ಲರೂ ನಕ್ಕರು. ಓನರ್ ನಗಲಿಲ್ಲ. ಅವರ ಕೃಪಾಕಟಾಕ್ಷ ಸಂಪಾದಿಸಲು ಇದೇ ಶುಭ ಮುಹೂರ್ತವೆಂದು ನಾನು ಎದ್ದೆ. "ಮೊದಲು ನನ್ ಗಾಡಿಗೇ ಹಾಕ್ಸಿ ಓನರ್. ತಪ್ಪು ಮಾಡೋರಿಗೆ ತಾನೆ ಭಯ?"

ಉಳಿದ ಏಳು ಜನ ನನ್ನನ್ನು ನೋಡಿದ ನೋಟಕ್ಕೆ ಹಾಲಿಟ್ಟಿದ್ದರೆ ಒಡೆದುಹೋಗುತ್ತಿತ್ತು.

ಮನೆಗೆ ಬಂದು ಹೆಮ್ಮೆಯಿಂದ ಹೇಳಿದರೆ ಹೆಂಡತಿ ರತ್ನಮ್ಮ ಹಣೆ ಚಚ್ಚಿಕೊಂಡಳು. "ಊರಿಗಿಲ್ಲದ ಉಸಾಬರಿ ನಿಮಗ್ಯಾಕ್ರೀ ಬೇಕಿತ್ತು?"

"ನಿನಗೆ ಅರ್ಥ ಆಗಲ್ಲ ಬಿಡು. ಇದು ಟೆಕ್ನಾಲಜಿ."

"ಕೆಲಸ ಹೋಗ್ಲಿ, ಆ ಟೆಕ್ನಾಲಜೀನೇ ಬೇಯ್ಸಿ ಮಕ್ಕಳಿಗೆ ಬಡಿಸ್ತೀನಿ!"

ನನ್ನ ಗಾಡಿಗೆ ಕ್ಯಾಮೆರಾ ಬಂದ ಮೊದಲ ಮೂರು ದಿನ ಪೌಡರ್ ಹಾಕಿಕೊಂಡು, ತಲೆ ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಲಾರಿ ಓಡಿಸಿದೆ. ಆಕಳಿಕೆ ಬಂದರೆ ನುಂಗಿದೆ. ಕುತ್ತಿಗೆ ಹಿಡಿದುಕೊಂಡಿತು. ಗೌರವಕ್ಕೆ ಅಷ್ಟಾದರೂ ಬೆಲೆ ಕೊಡಬೇಡವೇ?

ನಾಲ್ಕನೆಯ ದಿನ ಕುಡುಮಲಕುಂಟೆಯಲ್ಲಿ ಪಶು ಆಹಾರದ ಮೂಟೆ ತುಂಬಿಕೊಂಡು ಚಿಂತಾಮಣಿಗೆ ಹೊರಟಿದ್ದೆ. ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ರಸ್ತೆಗೆ ತಿರುಗಿದರೆ, ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ಒಬ್ಬ ಅಜ್ಜಿ ನಿಂತಿದ್ದಾರೆ. ಪಕ್ಕದಲ್ಲಿ ಒಂದು ಮರದ ತೊಟ್ಟಿಲು! ಬ್ರೇಕ್ ಒತ್ತಿ ಇಣುಕಿ ನೋಡಿದೆ. ಓನರ್ ತಾಯಿ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಸಾಕ್ಷಾತ್ ಅವರೇ.

ಎರಡು ವರ್ಷದ ಹಿಂದೆ ಓನರ್ ಮನೆಯ ಗೃಹಪ್ರವೇಶದ ಪತ್ರಿಕೆಯಲ್ಲಿ ಅವರ ತಂಗಿಯ ಗಂಡನ ಹೆಸರು ಬಿಟ್ಟುಹೋಗಿತ್ತು. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಕತೆಯಿಲ್ಲ. ತಂಗಿ ಗಿರಿಜಾ ಇರುವುದು ಶಿಡ್ಲಘಟ್ಟದಲ್ಲಿ. ತವರಿನಲ್ಲಿ ಆಗಬೇಕಿದ್ದ ಬಾಣಂತನ ಅತ್ತೆ ಮನೆಯಲ್ಲೇ ಆಗಿತ್ತು.

"ಇವತ್ತು ಮಗೂಗೆ ಹೆಸರಿಡ್ತಾರೆ ಕಣೋ ಮುನಿರಾಜು. ತವರಿನ ತೊಟ್ಟಿಲು ಹೋಗ್ದೆ ಹೆಂಗಪ್ಪಾ? ಬಸ್ಸಿನೋರು ಹತ್ತಿಸ್ಲಿಲ್ಲ. ರಾಮುಗೆ ಗೊತ್ತಾಗ್ದಂಗೆ ಬಂದಿದೀನಿ. ಎತ್ತು, ಎತ್ತು."

"ಹೊರಗಿನವರನ್ನ ಹತ್ತಿಸ್ಬಾರ್ದು ಅಂತ ಆರ್ಡರ್ ಆಗಿದೆ ದೊಡ್ಡಮ್ಮ..."

"ನಾನು ಹೊರಗಿನೋಳೇನೋ? ಅವನನ್ನ ಹೆತ್ತೋಳು ಕಣೋ!"

ತುರ್ತು ಪರಿಸ್ಥಿತಿಯಲ್ಲಿ ನಾನು ಕೈಗೊಂಡ ಕ್ರಮವೇನೆಂದರೆ, ಕೊರಳಲ್ಲಿದ್ದ ಟವೆಲ್ ತೆಗೆದು ಕ್ಯಾಮೆರಾಕ್ಕೆ ಮುಸುಕು ಹಾಕಿದೆ. ಒಂದು ರೂಲ್ಸ್ ಮುರಿದದ್ದನ್ನು ಮುಚ್ಚಿಡಲು ಇನ್ನೊಂದನ್ನೂ ಮುರಿದೆ!

ತೊಟ್ಟಿಲನ್ನು ಹಿಂದೆ ಮೂಟೆಗಳ ಮೇಲೆ ಇಡೋಣವೆಂದರೆ ದೊಡ್ಡಮ್ಮ ಕಣ್ಣು ಕೆಂಪಗೆ ಮಾಡಿದರು. "ಕೂಸು ಮಲಗೋ ತೊಟ್ಟಿಲು ದನದ ಮೇವಿನ ಮೇಲಾ?" ಅದೂ ಕ್ಯಾಬಿನ್ನಿಗೇ ಬಂತು. ಅದರ ಮೂಲೆ ಗೇರಿಗೆ ಅಡ್ಡವಾಗಿ ಕೂತಿತು. ಸೆಕೆಂಡ್ ಗೇರ್ ಬಿದ್ದದ್ದು ಬಿತ್ತು, ಮೂರನೆಯದಕ್ಕೆ ಹೋಗಲೊಲ್ಲದು. ಬಸ್ಸಿನವರು ಅರ್ಧ ಗಂಟೆಯಲ್ಲಿ ಮುಟ್ಟುವ ಶಿಡ್ಲಘಟ್ಟಕ್ಕೆ ನಾವು ಎತ್ತಿನ ಗಾಡಿಯಂತೆ ಹೊರಟೆವು. ಹಿಂದೆ ಹಾರ್ನುಗಳ ಮೇಳ.

ಸ್ವಲ್ಪ ದೂರ ಹೋದಮೇಲೆ ದೊಡ್ಡಮ್ಮ ಬೆವರು ಒರೆಸಿಕೊಳ್ಳಲು ಆ ಟವೆಲ್ಲನ್ನೇ ಎಳೆದುಕೊಂಡರು. ಕೆಂಪು ದೀಪ ಪಿಳಿಪಿಳಿ ಎಂದಿತು.

"ಇದೇನೋ ಇದು, ಕಣ್ಣು ಮಿಟುಕಿಸ್ತೈತೆ?"

ನಾನು ರೇಡಿಯೋ ಅನ್ನಬಹುದಿತ್ತು. ಗಡಿಯಾರ ಅನ್ನಬಹುದಿತ್ತು. ಭಯದಲ್ಲಿ ಸತ್ಯ ಬಾಯಿಗೆ ಬಂತು. "ಓನರ್ ಇದ್ರಲ್ಲಿ ನೋಡ್ತಾರೆ ದೊಡ್ಡಮ್ಮ."

"ಹೌದಾ?" ಎಂದು ಅವರು ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಹತ್ತಿರಕ್ಕೆ ಬಾಗಿದರು. "ಏಮಿರಾ ರಾಮು! ಏನೋ, ನೋಡ್ತಾ ಇದೀಯಾ? ನೋಡು!"

ಅಲ್ಲಿಂದ ಶಿಡ್ಲಘಟ್ಟದವರೆಗೂ ಅವರು ಬಾಯಿ ಮುಚ್ಚಲಿಲ್ಲ.

ಶನಿವಾರ ಬಂತು. ಎಂಟೂ ಜನರನ್ನು ಓನರ್ ಕಂಪ್ಯೂಟರಿನ ಮುಂದೆ ನಿಲ್ಲಿಸಿದರು. ನನ್ನ ಗಾಡಿಯ ಕಾರ್ಡು ಹಾಕಿ, ಓಡಿಸುತ್ತ ಓಡಿಸುತ್ತ ಪರದೆ ಕಪ್ಪಾದ ಜಾಗಕ್ಕೆ ಬಂದರು. ಇಂಜಿನ್ನಿನ ಗದ್ದಲದ ನಡುವೆ ಸಣ್ಣಗೆ ಹೆಣ್ಣುದನಿ ಕೇಳಿತು.

"ನೋಡ್ರಪ್ಪ, ಬಟ್ಟೆ ಮುಚ್ಚಿದಾನೆ. ಸಾಲದು ಅಂತ ಹೆಂಗಸು ಬೇರೆ! ಯಾವಳೋ ಅವಳು?"

ಹೇಳಿದರೆ ದೊಡ್ಡಮ್ಮನ ಗುಟ್ಟು ರಟ್ಟು, ಹೇಳದಿದ್ದರೆ ನನ್ನ ಮಾನ ಮೂರುಕಾಸು. ಲಾರಿ ಕೀ ಟೇಬಲ್ಲಿನ ಮೇಲಿಟ್ಟೆ. ಮುಂದೇನು ಬರಲಿದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

"ಓನರ್, ನಿಮ್ಮ ಕಾಲಿಗೆ ಬೀಳ್ತೀನಿ. ಇಲ್ಲಿಗೆ ನಿಲ್ಸಿಬಿಡಿ."

"ಯಾಕೋ? ತಪ್ಪು ಮಾಡೋರಿಗೆ ತಾನೆ ಭಯ ಅಂದೋನು ನೀನೇ ಅಲ್ವೇನೋ?" ಎಂದು ಅವರು ಸೌಂಡ್ ಜಾಸ್ತಿ ಮಾಡಿದರು.

ಟವೆಲ್ ಸರಿಯಿತು. ಪರದೆಯ ತುಂಬ ದೊಡ್ಡಮ್ಮನ ಮೂಗು, ಮೂಗುತಿ!

"ಏಮಿರಾ ರಾಮು! ಒಂದು ಕಾಗದದಲ್ಲಿ ಹೆಸರು ಬಿಟ್ಟಿದ್ದಕ್ಕೆ ಒಡಹುಟ್ಟಿದೋಳನ್ನೇ ಬಿಟ್ಟೆಯಲ್ಲೋ! ಎಂಟು ಲಾರಿ ಐತೆ ನಿಂಗೆ, ತಂಗಿ ಬಾಣಂತನಕ್ಕೆ ಒಂದು ಹಿಡಿ ಮೆಣಸು ಕಳಿಸೋ ಯೋಗ್ಯತೆ ಇಲ್ವೇನೋ? ಐದು ವರ್ಷ ಆಗೋವರ್ಗೂ ಚಡ್ಡಿ ಒದ್ದೆ ಮಾಡ್ಕೊಳ್ತಿದ್ದೋನು, ಈಗ ನನ್ ಮುಂದೆ ರೋಷ!"

ಓನರ್ ಗಾಬರಿಯಿಂದ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತಿದರು. ಚಿತ್ರ ಇನ್ನೂ ದೊಡ್ಡದಾಯಿತು! ವೆಂಕಟರವಣಪ್ಪ ಟವೆಲ್ ಬಾಯಿಗೆ ತುರುಕಿಕೊಂಡ. ಬಾಷಾ ಭಾಯಿ ಗೋಡೆಯ ಕಡೆ ತಿರುಗಿ ನಿಂತರು. ಆಮೇಲೆ ದೊಡ್ಡಮ್ಮನ ದನಿ ತಗ್ಗಿತು.

"ನಿಮ್ಮಿಬ್ಬರನ್ನೂ ಇದೇ ತೊಟ್ಟಿಲಲ್ಲಿ ತೂಗಿದೀನಿ ಕಣಪ್ಪಾ. ನೀನು ತರಬೇಕಿತ್ತು ಇದನ್ನ. ಡ್ರೈವರ್ ತರ್ತಾ ಇದಾನೆ."

ವೆಂಕಟರವಣಪ್ಪ ಬಾಯಿಂದ ಟವೆಲ್ ತೆಗೆದ. ಓನರ್ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಕಾರು ತೆಗೆದುಕೊಂಡು ಹೊರಟರು. ಕಾರು ಶಿಡ್ಲಘಟ್ಟದ ರಸ್ತೆಗೇ ತಿರುಗಿತು.

ಸೋಮವಾರ ಕ್ಯಾಮೆರಾ ಬಿಚ್ಚಿಸಿದರು. ಬಾಷಾ ಭಾಯಿ ನನ್ನನ್ನು ತಬ್ಬಿಕೊಂಡರು. ನಾನು ಮದುಮಗನಂತೆ ಬೀಗುತ್ತ ಲಾರಿ ಕೀಗೆ ಕೈ ಚಾಚಿದರೆ, ಓನರ್ ಕೊಟ್ಟದ್ದು ಮನೆಯ ಓಮ್ನಿ ವ್ಯಾನಿನ ಕೀ. "ಅಮ್ಮ ವಾರಕ್ಕೆ ನಾಲ್ಕು ದಿನ ಮೊಮ್ಮಗೂನ ನೋಡಕ್ಕೆ ಹೋಗ್ಬೇಕಂತೆ. ನೀನೇ ಬೇಕಂತೆ."

ಉಳಿದ ಏಳು ಜನ ಈಗ ಕ್ಯಾಬಿನ್ನಿನಲ್ಲಿ ಲುಂಗಿ ಉಟ್ಟು, ಹಾಡು ಹೇಳಿಕೊಂಡು ಊರೂರು ತಿರುಗುತ್ತಾರೆ. ನನ್ನ ಹಿಂದಿನ ಸೀಟಿನಲ್ಲಿ ದೊಡ್ಡಮ್ಮ ಕೂತಿರುತ್ತಾರೆ. "ನಿಧಾನ ಕಣೋ. ಬೀಡಿ ವಾಸನೆ ಬರ್ತೈತೆ. ಆ ಹುಡುಗಿ ಕಡೆ ಯಾಕೋ ನೋಡ್ದೆ?" ಕ್ಯಾಮೆರಾ ಪಾಪ, ಶನಿವಾರದವರೆಗೆ ಬಾಯಿ ಮುಚ್ಚಿಕೊಂಡಿರುತ್ತಿತ್ತು. ಇವರ ವರದಿ ನಾನು ಮನೆ ಮುಟ್ಟುವ ಮೊದಲೇ ಫೋನಿನಲ್ಲಿ ರತ್ನಮ್ಮನಿಗೆ ಮುಟ್ಟಿರುತ್ತದೆ!