ನಂಬರಿಲ್ಲದ ಸಾಮಾನು

ನಮ್ಮ ಮನೆಗೆ ಹಳೆಯ ಸಾಮಾನೊಂದು ಬಂತೆಂದರೆ ಅದರ ಬೆನ್ನಿಗೇ ಒಂದು ಪ್ರಸಂಗವೂ ಬಂದೇ ಬರುತ್ತದೆ. ಟೆಂಪೋದಿಂದ ಸಾಮಾನು ಇಳಿಯುವ ಮೊದಲೇ ಪ್ರಸಂಗ ಇಳಿದು ಒಳಗೆ ಬಂದು ಕೂತದ್ದೂ ಉಂಟು.

ನಾನು ಗದಗಿನ ಕಡೆಯವನು. ಇಪ್ಪತ್ತೆರಡು ವರ್ಷ ನೌಕಾಪಡೆಯಲ್ಲಿದ್ದೆ, ಅದರಲ್ಲಿ ಬಹುಪಾಲು ವಿಶಾಖಪಟ್ಣದಲ್ಲೇ. ನೌಕಾಪಡೆ ಅಂದ ಕೂಡಲೇ ನಮ್ಮೂರಿನವರು ತೋಪು, ಬಿರುಗಾಳಿ ಅಂತ ಕಣ್ಣರಳಿಸುತ್ತಾರೆ. ನನ್ನ ಕೆಲಸ ಇದ್ದದ್ದು ಸ್ಟೋರ್ಸಿನಲ್ಲಿ. ಕುರ್ಚಿ, ಮೇಜು, ಕಪಾಟುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುವುದು, ಆಮೇಲೆ ಆ ನಂಬರು ಇನ್ನೂ ಅಲ್ಲೇ ಇದೆಯೇ ಎಂದು ಬಗ್ಗಿ ನೋಡುವುದು. ಶತ್ರುವನ್ನು ನಾನು ಒಮ್ಮೆಯೂ ಕಂಡಿಲ್ಲ. ಕಾಣೆಯಾದ ಸ್ಟೂಲುಗಳನ್ನು ಮಾತ್ರ ಬೇಕಾದಷ್ಟು ಹಿಡಿದಿದ್ದೇನೆ.

ಸಂಸಾರವೂ ಕ್ವಾರ್ಟರ್ಸಿನಲ್ಲೇ ನಡೆಯಿತು. ಅಲ್ಲಿ ನಾವು ಮಲಗುವ ಮಂಚಕ್ಕೂ ನಂಬರು, ಉಣ್ಣುವ ಮೇಜಿಗೂ ನಂಬರು. ಮನೆ ಬದಲಿಸುವ ದಿನ ಒಬ್ಬ ಪಟ್ಟಿ ಹಿಡಿದುಕೊಂಡು ಬಂದು ಎಲ್ಲವನ್ನೂ ಎಣಿಸುತ್ತಿದ್ದ. ಅಷ್ಟು ಹೊತ್ತೂ ನನ್ನ ಹೆಂಡತಿ ಮಗಳನ್ನು ಎತ್ತಿಕೊಂಡು ಬಾಗಿಲ ಹೊರಗೆ ನಿಂತಿರುತ್ತಿದ್ದಳು, ತನ್ನನ್ನೂ ಎಲ್ಲಿ ಎಣಿಸಿಬಿಡುತ್ತಾನೋ ಅನ್ನುವ ಹಾಗೆ.

ನಿವೃತ್ತಿಯಾದ ಮೇಲೆ ವಿಶಾಖಪಟ್ಣದ ಅಂಚಿನ ಪೆಂಡುರ್ತಿಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದೆವು. ಗೃಹಪ್ರವೇಶ ಮುಗಿದಾಗ ಒಳಗೆ ಇದ್ದದ್ದು ನಾಲ್ಕು ಚಾಪೆ, ಒಂದು ಗ್ಯಾಸ್ ಒಲೆ. ಪೇಟೆಗೆ ಹೋಗಿ ಹೊಸ ಸೆಟ್ ತರೋಣ ಅಂದೆ.

"ಹೊಸಾದು ಬ್ಯಾಡ್ರಿ," ಅಂದಳು. "ಮಂದಿ ಕುಂತು, ಮಲಗಿ, ಜಗಳಾಡಿ ನುಣುಪಾಗಿರಬೇಕು, ಅಂಥಾದ್ದು ಬೇಕು ನನಗ. ಇಪ್ಪತ್ತು ವರ್ಷ ಸರಕಾರದ್ದರ ಮ್ಯಾಲೆ ಕುಂತೀನಿ. ಇದೊಂದಾದ್ರೂ ನನಗ ಮನಿ ಅನ್ನಿಸಬೇಕು. ಮತ್ತ ಇನ್ನೊಂದ ಮಾತು, ಯಾವುದರ ಮ್ಯಾಲೂ ನಂಬರ್ ಇರಬಾರದು."

ಆಗಲಿ ಅಂದೆ. ಅಷ್ಟು ಸುಲಭವಾಗಿ ಆಗಲಿ ಅನ್ನಬಾರದಿತ್ತು.

ದೊರೆಯ ಕುರ್ಚಿ

ಮೊದಲು ಹೋದದ್ದು ಬಂದರಿನ ಹತ್ತಿರದ ಒಂದು ಹಳೇ ಸಾಮಾನಿನ ಅಂಗಡಿಗೆ. ಅಂಗಡಿಯವನು ಅಗಲ ಕೈಗಳ ಒಂದು ಮರದ ಕುರ್ಚಿ ತೋರಿಸಿದ. ಹೊಸದಾಗಿ ಪಾಲಿಶ್ ಹೊಡೆದು ಕನ್ನಡಿ ಮಾಡಿಟ್ಟಿದ್ದ.

"ನೂರೈವತ್ತು ವರ್ಷದ್ದು ಸಾರ್," ಅಂದ ತೆಲುಗಿನಲ್ಲಿ. "ಒಬ್ಬ ಇಂಗ್ಲಿಷ್ ದೊರೆ ದಿನಾ ಸಂಜೆ ಇದರ ಮೇಲೆ ಕೂತು ಸಮುದ್ರ ನೋಡುತ್ತಿದ್ದನಂತೆ."

ನನ್ನ ಹೆಂಡತಿ ಮೆಲ್ಲಗೆ ಕೂತಳು. ಎರಡೂ ಕೈಗಳ ಮೇಲೆ ಅಂಗೈ ಆಡಿಸಿದಳು. "ಎಷ್ಟ ಹಿತ ಐತಿ ನೋಡ್ರಿ, ನನ್ನ ಅಳತೀಗೇ ಮಾಡಿಸಿದಂಗ," ಅಂದಳು.

ನಾನು ಅಭ್ಯಾಸದಂತೆ ಬಗ್ಗಿ ಅಡಿಗೆ ಕಣ್ಣು ಹಾಯಿಸಿದೆ. ಪಾಲಿಶಿನ ಒಳಗಿನಿಂದ ಬಿಳಿಯ ನಂಬರೊಂದು ಇಣುಕುತ್ತಿತ್ತು. ಅದರಲ್ಲಿದ್ದ ಏಳರ ಬಾಲ ಉದ್ದಕ್ಕೆ ಹೋಗಿ ಕೊನೆಗೆ ಮೇಲೆ ತಿರುಗಿತ್ತು. ಹಾಗೆ ಏಳು ಬರೆಯುವವನು ಇಡೀ ಪೂರ್ವ ಕರಾವಳಿಯಲ್ಲಿ ಒಬ್ಬನೇ, ಅವನು ನಾನು. ಉಪಯೋಗಕ್ಕಿಲ್ಲ ಎಂದು ಎಂದೋ ಹರಾಜಿನಲ್ಲಿ ಹೋದ ಕುರ್ಚಿ ಅದು.

"ಅದು ದೊರೆ ಕಾಲದ ಗುರುತು ಸಾರ್," ಅಂದ ಅಂಗಡಿಯವನು. "ಆ ಬರಹ ಈಗಿನವರು ಯಾರಿಗೂ ಬರುವುದಿಲ್ಲ."

ಅಷ್ಟರಲ್ಲಿ ನನ್ನ ಹೆಂಡತಿಯೂ ಎದ್ದು ಬಗ್ಗಿ ನೋಡಿದ್ದಳು. ಆಮೇಲೆ ಕುರ್ಚಿಯ ಬಲಗೈ ಮೇಲಿದ್ದ ಒಂದು ದುಂಡನೆಯ ಸುಟ್ಟ ಕಲೆಯ ಮೇಲೆ ಬೆರಳಿಟ್ಟಳು. "ಇದು ನಾ ಚಾದ ಪಾತೇಲಿ ಇಟ್ಟದ್ರೀ. ನಮ್ಮ ಎರಡನೇ ಕ್ವಾರ್ಟರ್ಸು. ಕೂಸಿಗೆ ಹಾಲು ಕುಡಿಸ್ಕೋತ ಇದರ ಮ್ಯಾಲೇ ಕುಂದರತಿದ್ದೆ."

ಊರೆಲ್ಲ ಹುಡುಕಿಕೊಂಡು ಹೋದ ನುಣುಪು ಅವಳೇ ಕೂತು ಮಾಡಿದ್ದು! ಅಂಗಡಿಯವನಿಗೆ ವಿಷಯ ತಿಳಿಸಿ, ಈ ಕುರ್ಚಿಯ ಮೇಲೆ ಕೂರುತ್ತಿದ್ದದ್ದು ಇವಳೇ ಅಂದೆ.

ಅವನು ಒಂದಿಷ್ಟೂ ಅಳುಕದೆ ಅವಳಿಗೆ ಕೈ ಮುಗಿದ. "ಹಾಗಾದರೆ ದೊರೆಸಾನಿ ತಾವೇನಾ ಅಮ್ಮಾ?"

ತೊಳೆದರೆ ಇಳಿಯುವ ಕಪಾಟು

ವಿಜಯವಾಡದ ಪಟಮಟದಲ್ಲಿ ನನ್ನ ಷಡ್ಡಕರಿದ್ದಾರೆ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಬಂದವರು ಊರಿಗೆ ಒಗ್ಗಿಹೋಗಿದ್ದಾರೆ. ಒಂದು ದಿನ ಅವರ ಫೋನು ಬಂತು.

"ಇಬ್ರಾಹಿಂಪಟ್ನಂನಾಗ ಒಂದು ಹಳೇ ಮನಿ ಕೆಡವಾಕತ್ತಾರ. ಅಡಿಗಿಮನಿ ಕಪಾಟು ಐತಿ. ಕರ್ರಗ ಮಿಂಚತೈತಿ. ಪಕ್ಕಾ ಬೀಟಿ ಮರ, ಲಗೂ ಹೇಳ್ರಿ."

ಹೇಳಿದೆವು, ಬಂತು. ನಿಜಕ್ಕೂ ಕರ್ರಗೇ ಇತ್ತು. ನನ್ನ ಹೆಂಡತಿ ಸೀಗೆಪುಡಿ ಹಾಕಿ ಒಂದು ಸಲ ಉಜ್ಜಿದಳು. ಎಷ್ಟೋ ಕಾಲದ ಸೌದೆ ಒಲೆಯ ಹೊಗೆ ಅದು, ಬಕೆಟ್ಟಿನ ನೀರು ಮಸಿಯಾಯಿತು. ಬೀಟೆ ಹೋಗಿ ಸಾಗವಾನಿ ಬಂತು. ಇನ್ನೊಂದು ಸಲ ಉಜ್ಜಿದಳು. ಸಾಗವಾನಿ ಹೋಗಿ ಹಲಸು ಬಂತು. ಮೂರನೆಯ ಸಲಕ್ಕೆ ನೀರು ತುಂಬುವಾಗ ನಾನು ಬಕೆಟ್ ಹಿಡಿದುಕೊಂಡೆ. "ಸಾಕ ಮಾರಾಯ್ತಿ, ಇನ್ನೊಮ್ಮೆ ಉಜ್ಜಿದ್ರ ರಟ್ಟು ಬರತೈತಿ!"

ಇನ್ನು ಒಳಗಡೆಯನ್ನಾದರೂ ಉಜ್ಜೋಣ ಅಂತ ಅವಳು ಬಾಗಿಲು ತೆರೆದಳು. "ಆಗಮ್ಮಾ!" ಅಂತ ಮಗಳು ತೆಲುಗಿನಲ್ಲಿ ಚೀರಿ ತಾಯಿಯನ್ನು ತಡೆದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ನಮ್ಮ ಜೊತೆಗೆ, ಊರಿಂದ ಅಜ್ಜಿ ಫೋನು ಮಾಡಿದಾಗ, ಅಷ್ಟೇ. ಅವಳಿಗೆ ಕಂಡದ್ದು ಬಾಗಿಲ ಒಳಮೈಯಲ್ಲಿ ಮೇಲಿನಿಂದ ಕೆಳಗಿನವರೆಗೆ ಸಣ್ಣ ತೆಲುಗು ಅಕ್ಷರ.

ಒಂದೊಂದೇ ಸಾಲು ಓದಿ ಹೇಳಿದಳು. ಗೌರಿ, ಶುಕ್ರವಾರ ಬೆಳಗಿನ ಜಾವ, ತಾಯಿ ಕ್ಷೇಮ. ಲಕ್ಷ್ಮಿ, ಸೋಮವಾರ ನಡುಮಧ್ಯಾಹ್ನ, ಕಣ್ಣು ದೊಡ್ಡವು. ರಾಜು, ಮಳೆಯ ದಿನ, ಎದ್ದು ನಿಂತ. ಆ ಮನೆಯಲ್ಲಿ ಹುಟ್ಟಿದವರನ್ನೆಲ್ಲ ಯಾವ ಹೆಂಗಸೋ ಅಡಿಗೆಯ ನಡುವೆ ಬರೆದಿಟ್ಟಿದ್ದಳು. ರಾಜು ಹುಟ್ಟಿದ ಕೂಡಲೇ ಹೇಗೆ ಎದ್ದು ನಿಂತ ಅಂತ ನಾವು ಬಹಳ ಹೊತ್ತು ಯೋಚಿಸಿದೆವು. ಮಕ್ಕಳನ್ನೂ ಕರುಗಳನ್ನೂ ಆ ತಾಯಿ ಒಂದೇ ಪಟ್ಟಿಯಲ್ಲಿ ಬರೆದಿದ್ದಾಳೆ ಅಂತ ಆಮೇಲೆ ಹೊಳೆಯಿತು. ನಾನೂ ಜೀವಮಾನವಿಡೀ ಪಟ್ಟಿ ಬರೆದವನೇ. ಇಂಥ ಪಟ್ಟಿ ನನ್ನ ಕೈಯಲ್ಲಿ ಒಂದೂ ಆಗಲಿಲ್ಲವಲ್ಲ ಅನ್ನಿಸಿತು. ನನ್ನ ಹೆಂಡತಿ ಉಜ್ಜುವ ನಾರನ್ನು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡಳು.

ಆದರೆ ಕೊನೆಯ ಸಾಲು ಬಗೆಹರಿಯಲಿಲ್ಲ. "ಸೀತ, ಬುಧವಾರ, ಬಲು ಚೆಲುವೆ. ಹತ್ತಿರ ಹೋದರೆ ಒದೆಯುತ್ತಾಳೆ." ಇದು ಕರುವೇ ಅಂತ ನಾನು ಹಟ ಹಿಡಿದೆ. ಮಗಳು ಅದರ ಚಿತ್ರ ತೆಗೆದು ಆ ಮನೆಯ ಯಜಮಾನರಿಗೆ ಕಳಿಸಿ ಕೇಳಿದಳು. ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿದರು.

"ಗೌರಿ, ಲಕ್ಷ್ಮಿ, ರಾಜು ಎಲ್ಲ ಕರುಗಳಮ್ಮಾ. ಸೀತ ಅಂದರೆ ನಮ್ಮ ತಾಯಿ. ಈಗಲೂ ಹಾಗೇ ಇದ್ದಾರೆ."

ಪಟಮಟದ ಮಂಚ

ಇದೆಲ್ಲಕ್ಕಿಂತ ದೊಡ್ಡದು ಮಂಚದ ಪ್ರಸಂಗ.

ಷಡ್ಡಕರ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಮಗ ಐದನೇ ಅಂತಸ್ತಿನ ಫ್ಲಾಟಿಗೆ ಮನೆ ಬದಲಿಸುವವನಿದ್ದ. ಅಜ್ಜಿಯ ಕೆತ್ತನೆ ಮಂಚ ಲಿಫ್ಟಿಗೂ ಹಿಡಿಯದು, ಮೆಟ್ಟಿಲಿಗೂ ತಿರುಗದು. ನಾಲ್ಕು ಮಕ್ಕಳನ್ನು ಅವರು ಹೆತ್ತದ್ದು ಆ ಮಂಚದ ಮೇಲೆ. ಹೋಗಿ ನೋಡಿದ ದಿನ ನನ್ನ ಹೆಂಡತಿ ತಲೆದೆಸೆಯ ಹಲಗೆಯ ಮೇಲೆ ಕೈಯಿಟ್ಟವಳು ತೆಗೆಯಲೇ ಇಲ್ಲ. ಇಷ್ಟು ಆಸೆಪಟ್ಟು ಅವಳು ಏನನ್ನೂ ನೋಡಿದ್ದು ನನಗೆ ನೆನಪಿಲ್ಲ.

ಅಜ್ಜಿ ಬೆಲೆಯ ಮಾತೇ ಎತ್ತಲಿಲ್ಲ. "ಮಂಚ ಕೊಡುವುದೂ ಮಗಳನ್ನು ಕೊಡುವುದೂ ಒಂದೇ," ಅಂದರು. "ಮನೆ ನೋಡದೆ ಕೊಡುವುದಿಲ್ಲ. ಮೊದಲು ಮಂಚ ಹೋಗಲಿ, ಮಾರನೇ ದಿನ ನಾನು ಬಂದು ಮಧ್ಯಾಹ್ನ ಅದರ ಮೇಲೆ ಮಲಗುತ್ತೇನೆ. ನಿದ್ದೆ ಬಂದರೆ ಮಂಚ ನಿಮ್ಮದು. ಬರದಿದ್ದರೆ ವಾಪಸ್ಸು. ಮನೆಯಲ್ಲದ ಕಡೆ ಈ ಮಂಚ ನಿದ್ದೆ ಕೊಡುವುದಿಲ್ಲ."

ಮಂಚ ಪೆಂಡುರ್ತಿಗೆ ಬಂತು. ಆ ಸಂಜೆ ನನ್ನ ಹೆಂಡತಿ ಮನೆ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಳು. ಕೋಣೆಯಲ್ಲಿ ನಾನೂ ಮಂಚವೂ ಇಬ್ಬರೇ. ಗೇಟಿಗೆ ಹೊಡೆದು ಉಳಿದ ಬಿಳಿ ಬಣ್ಣದ ಡಬ್ಬಿ ಅಲ್ಲೇ ಮೂಲೆಯಲ್ಲಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ನೌಕರಿ ಗುಣ ಅದಕ್ಕಿಂತ ಗಟ್ಟಿ. ಅಡ್ಡಪಟ್ಟಿಯ ಕೆಳಗೆ, ಯಾರಿಗೂ ಕಾಣದಂತೆ, ಒಂದು ಸಣ್ಣ ನಂಬರು ಬರೆದೆ. ಬರೆದ ಮೇಲೆ ಮನಸ್ಸಿಗೆ ಸಮಾಧಾನವಾಯಿತು. ಮುಚ್ಚಿಡುವುದೇಕೆ, ಹಿಂದಿನ ಸಾಮಾನುಗಳಿಗೂ ಒಂದೊಂದಾಗಿ ಹೀಗೇ ಬರೆದಿದ್ದೆ, ಹಳೇ ನಂಬರು ಉಜ್ಜಿಸಿಯೇ ಅವಳು ಮನೆಗೆ ತಂದ ದೊರೆಯ ಕುರ್ಚಿಗೂ.

ಮಾರನೇ ದಿನ ಮಗನ ಜೊತೆ ಅಜ್ಜಿ ರೈಲಿನಲ್ಲಿ ಬಂದಿಳಿದರು. ಊಟವಾಯಿತು. ಮಗ ಸಮುದ್ರ ನೋಡಿ ಬರುತ್ತೇನೆಂದು ಹೋದ. ಅಜ್ಜಿ ಮಲಗಿದರು. ನನ್ನ ಹೆಂಡತಿ ಮಿಕ್ಸಿ ಬಂದ್ ಮಾಡಿಸಿದಳು, ಟಿವಿ ಬಂದ್ ಮಾಡಿಸಿದಳು, ನಾನು ಕೆಮ್ಮಿದರೆ ಕಣ್ಣು ಬಿಟ್ಟಳು. ಹತ್ತು ನಿಮಿಷಕ್ಕೊಮ್ಮೆ ಅವಳನ್ನು ಕರೆಯುವ ದನಿ ಒಳಗಿನಿಂದ ಬರುತ್ತಿತ್ತು.

"ಅಮ್ಮಾಯಿ, ನಿದ್ದೆ ಬಂದಿಲ್ಲ."

"ಅಮ್ಮಾಯಿ, ಇನ್ನೂ ಬಂದಿಲ್ಲ. ಇದು ಮನೆಯೋ ಆಸ್ಪತ್ರೆಯೋ?"

ನನ್ನ ಹೆಂಡತಿಯ ಮುಖ ಬಾಡಿಹೋಯಿತು. ಕೋಣೆಯ ಬಾಗಿಲಲ್ಲೇ ನೆಲಕ್ಕೆ ಕುಸಿದು ಕೂತಳು. ನೆಲಕ್ಕೆ ಕೂತವರಿಗೆ ಮಂಚದ ಕೆಳಗಿನದೆಲ್ಲ ಕಾಣುತ್ತದೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ.

"ರೀ, ಇಲ್ಲಿ ಬರ್ರಿ," ಅಂದಳು, ಮೊದಲು ಪಿಸುದನಿಯಲ್ಲಿ. "ಏನ್ರೀ ಅದು?"

"ಗುರುತಿಗಿರಲಿ ಅಂತ..."

"ಬ್ಯಾರೇರ ಮಂಚಕ್ಕ ನಂಬರ್ ಹಾಕೀರಲ್ರೀ! ಇನ್ನೂ ನಮ್ಮದ ಆಗಿಲ್ಲ!"

"ಕಳದು ಹೋದ್ರ ಗೊತ್ತಾಗಲಿ ಅಂತ ಬರದೀನಿ."

"ಮಂಚ ಎಲ್ಲಿ ಕಳೀತೈತ್ರೀ? ತಾನ ಎದ್ದು ಸಂತೀಗೆ ಹೋಗತೈತೇನು?"

ಅಲ್ಲಿಗೆ ಪಿಸುದನಿ ಮುಗಿಯಿತು. ಅವಳು ಹಾಲಿಗೆ ಹೋಗಿ ಕುರ್ಚಿ ಬೋರಲು ಹಾಕಿದಳು. ನಂಬರು. ಕಪಾಟನ್ನು ಗೋಡೆಯಿಂದ ಎಳೆದಳು. ನಂಬರು. ಕಾಲೇಜಿನಿಂದ ಆಗಷ್ಟೇ ಬಂದ ಮಗಳು ಬ್ಯಾಗು ಬಿಸಾಕಿ, "ನಾನ್ನಾ, ನನ್ನ ಮೇಜಿಗೂನಾ?" ಅಂತ ಅಪ್ಪನ ಮೇಲೆ ಅರ್ಧ ತೆಲುಗಿನಲ್ಲಿ ಕೂಗಿದಳು. ನಾನೂ ಬಿಡಲಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಒಂದು ಸ್ಟೂಲೂ ಕಳೆದಿಲ್ಲ ಅಂತ ಎದೆ ತಟ್ಟಿ ಕೂಗಿದೆ. "ಮನೀನ ಕಳಕೊಂಡಿದ್ನಲ್ರೀ ನಾನು, ಅದಕ್ಕ ಯಾವ ನಂಬರ್ ಇತ್ತು?" ಅಂದಳು ಅವಳು. ಅಡಿಗೆಮನೆಯಲ್ಲಿ ಯಾವುದೋ ತಟ್ಟೆ ಜಾರಿ ಬಿದ್ದು ಗಿರ್ರನೆ ಸುತ್ತಿತು.

ಅದರ ಸದ್ದು ನಿಲ್ಲುವಾಗ ಮಗಳು ಬೆರಳೆತ್ತಿದಳು. "ಶ್... ಕೇಳ್ರಿ."

ಕೋಣೆಯೊಳಗೆ ಅಜ್ಜಿ ಗೊರಕೆ ಹೊಡೆಯುತ್ತಿದ್ದರು. ಸಣ್ಣ ಗೊರಕೆಯಲ್ಲ, ಮರ ಕೊಯ್ಯುವ ಗರಗಸದಂಥದ್ದು. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ನಡುನಡುವೆ ನಕ್ಕಳು. ನಾನು ಬೆರಗಾಗಿ ನಿಂತೆ. ಎಷ್ಟೋ ಮನೆಗಳನ್ನು ತಪಾಸಣೆ ಮಾಡಿದ್ದೇನೆ, ಎಲ್ಲವನ್ನೂ ಅಚ್ಚುಕಟ್ಟು ನೋಡಿಯೇ ಪಾಸು ಮಾಡಿದ್ದು. ಈ ಅಜ್ಜಿ ಮಲಗಿದಲ್ಲಿಂದಲೇ, ಕಣ್ಣು ಮುಚ್ಚಿಕೊಂಡು, ನಮ್ಮ ಜಗಳ ಕೇಳಿ ಪಾಸು ಮಾಡಿದ್ದರು.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಎದ್ದು, ಕೂದಲು ಗಂಟು ಹಾಕಿಕೊಳ್ಳುತ್ತ ನಿದ್ದೆಗಣ್ಣಲ್ಲೇ ಹಾಲಿಗೆ ಬಂದರು. ಪಟಮಟದ ತಮ್ಮ ಮನೆಯಲ್ಲೇ ಇದ್ದೇನೆ ಅನ್ನುವ ಹಾಗೆ ಕುರ್ಚಿಯಲ್ಲಿ ಕೂತು, "ಅಮ್ಮಾಯಿ, ಕಾಫಿ ಇಡು," ಅಂದರು. ಆಗ ಮೂಲೆಯಲ್ಲಿ ಉಸುಕಿನ ಕಾಗದ ಹಿಡಿದು ಸ್ಟೂಲಿನ ನಂಬರು ಉಜ್ಜುತ್ತಿದ್ದ ನಾನು ಕಣ್ಣಿಗೆ ಬಿದ್ದೆ. ಮೇಲಿಂದ ಕೆಳಗೆ ನೋಡಿದರು.

"ಪಾಲಿಶಿನವರಾ?" ಅಂದರು ನನ್ನ ಹೆಂಡತಿಗೆ. "ಪಾಪ, ಅವರಿಗೂ ಒಂದು ಲೋಟ ಕೊಟ್ಟು ಕಳಿಸಮ್ಮಾ. ಹೊತ್ತಾಯಿತು, ಮನೆಯಲ್ಲಿ ಕಾಯುತ್ತಿರುತ್ತಾರೆ."

ನನ್ನ ಹೆಂಡತಿ ಮುಖದಲ್ಲಿ ಒಂದು ಗೆರೆಯೂ ಅಲುಗಿಸಲಿಲ್ಲ. ಕಾಫಿ ತಂದು ಕೊಟ್ಟಳು. ನಾನು ಕುಡಿದು ಮುಗಿಸುವವರೆಗೆ ನಿಂತಿದ್ದು, ಲೋಟ ಇಸಿದುಕೊಂಡು, ಗೇಟಿನವರೆಗೂ ಬಂದು ಅದನ್ನು ತೆರೆದು ಹಿಡಿದಳು.

"ನಾಳೆ ಲಗೂನ ಬರ್ರಿ," ಅಂದಳು. "ಇನ್ನೂ ಹನ್ನೊಂದು ಸಾಮಾನ ಉಳದಾವ."