ಮಣೆಯ ಕೆಳಗಿನ ಕಾದಂಬರಿ

ಬ್ಲೇಡನ್ನು ಕೆಳಗಿಟ್ಟ ಮೇಲೆಯೇ ಪ್ರಭುಸ್ವಾಮಿಯ ತಲೆ ಕೆಲಸ ಮಾಡಲು ಶುರುಮಾಡಿದ್ದು. ಅಷ್ಟರಲ್ಲಿ ಪುಸ್ತಕ ಎರಡು ಹೋಳಾಗಿತ್ತು.

ಕೊಯ್ದದ್ದೇನೋ ಚೆನ್ನಾಗಿಯೇ ಕೊಯ್ದಿದ್ದ. ಅಧ್ಯಾಯ ಮುಗಿಯುವ ಕಡೆ ನೋಡಿ, ಹೊಲಿಗೆಯ ಸಂದಿನಲ್ಲಿ, ಒಂದು ಹಾಳೆಯೂ ಹರಿಯದಂತೆ. ಆದದ್ದು ಒಂದೇ ಒಂದು ತಪ್ಪು. ಪುಸ್ತಕ ಅವನದಲ್ಲ. ಕಂದು ಕಾಗದದ ಹೊದಿಕೆಯ ಮೇಲೆ ದುಂಡಗಿನ ಅಕ್ಷರದಲ್ಲಿ ವೆಂಕಟಸುಬ್ಬಯ್ಯ ಎಂದು ಬರೆದಿತ್ತು. ಜಯಲಕ್ಷ್ಮಿಪುರದಲ್ಲಿ ಆ ಮೇಷ್ಟ್ರ ಹೆಸರು ಕೇಳಿದರೆ ಅವರ ಹಳೆಯ ವಿದ್ಯಾರ್ಥಿಗಳು ಈಗಲೂ ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದರು. ಆ ವಿದ್ಯಾರ್ಥಿಗಳಲ್ಲೇ ಬಹಳಷ್ಟು ಮಂದಿ ನಿವೃತ್ತರಾಗಿದ್ದರು.

ಈ ಕೊಯ್ಯುವ ಚಾಳಿಗೆ ಒಂದು ಹಿನ್ನೆಲೆಯುಂಟು. ಪ್ರಭುಸ್ವಾಮಿಯೂ ಸಣ್ಣಯ್ಯನೂ ಕುಂಬಾರಕೊಪ್ಪಲಿನ ಶಾಲೆಯಲ್ಲಿ ಒಂದೇ ಬೆಂಚಿನವರು. ಪ್ರಬಂಧ ಸ್ಪರ್ಧೆಯಲ್ಲಿ ಇಬ್ಬರಿಗೂ ಮೊದಲ ಬಹುಮಾನ ಬಂದಾಗ ಶಾಲೆಯವರು ಕೈಹಿಡಿತದಿಂದ ಇಬ್ಬರಿಗೂ ಸೇರಿಸಿ ಒಂದೇ ದಪ್ಪ ಕಾದಂಬರಿ ಕೊಟ್ಟರು. ಒಬ್ಬ ಓದುವಾಗ ಇನ್ನೊಬ್ಬ ಬಾಯಿ ನೋಡುತ್ತ ಕೂರುವುದು ಆ ವಯಸ್ಸಿಗೆ ಆಗದ ಮಾತು. ಸಣ್ಣಯ್ಯ ತನ್ನಪ್ಪನ ಬ್ಲೇಡು ತಂದು ಪುಸ್ತಕವನ್ನು ನಡುವೆ ಕೊಯ್ದ. ಒಬ್ಬ ಮೊದಲರ್ಧ ಓದಿ ಗೆಳೆಯನಿಗೆ ದಾಟಿಸಿ ತಾನು ಉಳಿದರ್ಧಕ್ಕೆ ಹೋಗುವುದು, ಮುಂದಿನ ಪುಸ್ತಕಕ್ಕೆ ಸರದಿ ಅದಲುಬದಲು. ಆಮೇಲೆ ಒಬ್ಬ ನೀರು ಸರಬರಾಜು ಕಚೇರಿ ಸೇರಿದ, ಇನ್ನೊಬ್ಬ ಅಂಚೆ ಕಚೇರಿ ಸೇರಿದ. ಮದುವೆ, ಮಕ್ಕಳು, ಬೊಜ್ಜು ಎಲ್ಲ ಕ್ರಮವಾಗಿ ಬಂದವು. ಪದ್ಧತಿ ಮಾತ್ರ ಬದಲಾಗಲಿಲ್ಲ. ದಪ್ಪ ಪುಸ್ತಕ ಕಂಡರೆ ಪ್ರಭುಸ್ವಾಮಿಯ ಬಲಗೈ ತಾನಾಗಿಯೇ ಬ್ಲೇಡು ಹುಡುಕುತ್ತಿತ್ತು.

ಮೇಷ್ಟ್ರ ಮನೆಯಲ್ಲಿ ಗಾಜಿನ ಬಾಗಿಲಿನ ಎರಡು ಬೀರುಗಳಿದ್ದವು. ಒಳಗೆ ಕಂದು ಕಾಗದದ ಹೊದಿಕೆ ತೊಟ್ಟ ಪುಸ್ತಕಗಳು ತೆಳ್ಳತೆಳ್ಳಗೆ, ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಒಂದನ್ನೂ ಅವರು ಯಾರಿಗೂ ಮುಟ್ಟಲು ಕೊಟ್ಟವರಲ್ಲ. ಬೀರುಗಳನ್ನು ಯಾರಿಗಾದರೂ ಒಪ್ಪಿಸುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಗೆಳೆಯರಿಬ್ಬರೂ ಶನಿವಾರ ಬೆಳಿಗ್ಗೆ ಹೋಗಿ ಕೈಮುಗಿದು ನಿಂತಿದ್ದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಮೇಜಿನ ಮೇಲಿದ್ದ ಈ ಕಾದಂಬರಿಯನ್ನು ಕೊಟ್ಟಿದ್ದರು.

"ಹೊರಗೆ ಕೊಡೋ ಹಾಗಿರೋದು ಇದೊಂದೇ ಕಣಪ್ಪ. ನಾಳೆ ಸಂಜೆ ಐದಕ್ಕೆ ತಂದುಕೊಡಿ. ನೀವಿಬ್ಬರೂ ಪುಸ್ತಕ ಹೇಗೆ ಓದ್ತೀರಿ, ಹೇಗೆ ಇಟ್ಕೋತೀರಿ ನೋಡ್ತೀನಿ. ಆಮೇಲೆ ಬೀರು ಮಾತು."

ಮನೆಯಲ್ಲಿ ಪ್ರಭುಸ್ವಾಮಿಯ ಹೆಂಡತಿ ಮಂಜುಳಮ್ಮನದೂ ಒಂದು ತೀರ್ಪಿತ್ತು. ನಡುಮನೆಯ ಗೋಡೆಗೆ ಟಿವಿ ಇಡುವ ಶೋಕೇಸು ಮಾಡಿಸಬೇಕೆಂದು ಅವಳು ಕೇಬಲ್ಲು ಬಂದಾಗಿನಿಂದ ಕಾಯುತ್ತಿದ್ದಳು. ಅದೇ ಗೋಡೆಗೆ ಬೀರು ಒರಗಿಸಿ ಬೀದಿಯವರಿಗೆಲ್ಲ ಓದುಮನೆ ತೆರೆಯಬೇಕೆಂಬುದು ಗೆಳೆಯರ ಬಾಲ್ಯದ ಕನಸು. "ನಾಳೆ ಸಂಜೆ ಒಳಗೆ ಬೀರು ಬಂದ್ರೆ ಗೋಡೆ ನಿಮ್ದು. ಬರ್ಲಿಲ್ವಾ, ನಾಳಿದ್ದು ಬಡಗಿ ಬರ್ತಾನೆ. ಆಮೇಲೆ ಪುಸ್ತಕ ಅಂತ ಉಸಿರೆತ್ತಂಗಿಲ್ಲ," ಎಂದಿದ್ದಳು.

ಹೀಗಿರುವಾಗ ಭಾನುವಾರ ಬೆಳಿಗ್ಗೆ, ಮೊದಲರ್ಧ ಓದಿ ಮುಗಿಸಿದ ಖುಷಿಯಲ್ಲಿ, ಸಣ್ಣಯ್ಯ ಬರುವಷ್ಟರಲ್ಲಿ ಅವನ ಪಾಲು ತಯಾರಿರಲಿ ಎಂದು ಪ್ರಭುಸ್ವಾಮಿ ಕೊಯ್ದೇಬಿಟ್ಟಿದ್ದ.

ಸಣ್ಣಯ್ಯ ಲೂನಾ ನಿಲ್ಲಿಸಿ ಒಳಗೆ ಬಂದ. "ಎಲ್ಲೋ ಮೊದಲರ್ಧ?"

"ಸಣ್ಣಯ್ಯ, ಮೇಷ್ಟ್ರ ಪುಸ್ತಕ ಕೊಯ್ದ್ಬುಟ್ಟೆ ಕಣೋ!"

"ಕೊಯ್ದ್ಯಾ? ಒಳ್ಳೇದಾಯ್ತು, ಕೊಡು ಇತ್ಲಾಗೆ." ಕುರ್ಚಿ ಎಳೆದುಕೊಂಡು ಕೂತು ಓದತೊಡಗಿದ ಸಣ್ಣಯ್ಯ ಎರಡನೆಯ ಪುಟ ತಿರುವುವಾಗ ತಲೆಯೆತ್ತಿದ. "ಯಾರ ಪುಸ್ತಕ ಅಂದೆ?"

ಮುಂದಿನ ಕೂಗು ಪಕ್ಕದ ಮನೆಯ ಸುಂದರೇಶನಿಗೆ ಕೇಳಿಸಿತು. ಸುಂದರೇಶ ವಿಮೆ ಏಜೆಂಟು. ಯಾರ ಮನೆಯಲ್ಲಿ ಅಯ್ಯೋ ಎಂದರೂ ಮೊದಲು ಒಳಗೆ ಬರುವವನು. ಎರಡು ಹೋಳನ್ನೂ ಬ್ಲೇಡನ್ನೂ ನೋಡಿ, "ಕುಂಬಾರಕೊಪ್ಪಲಲ್ಲಿ ಬೈಂಡಿಂಗ್ ಮರಿಯಯ್ಯ ಇದಾರಲ್ಲ ಸಾರ್, ಓಡಿ," ಎಂದ. ಸಲಹೆ ಕೊಟ್ಟದ್ದಲ್ಲದೆ, ದಾರಿಯುದ್ದಕ್ಕೂ ಸಿಕ್ಕವರಿಗೆ ವಿಷಯ ತಿಳಿಸುತ್ತ ತನ್ನ ಸ್ಕೂಟರಿನಲ್ಲಿ ಹಿಂದೆಯೇ ಬಂದ.

ಮರಿಯಯ್ಯ ಹೋಳುಗಳನ್ನು ತಿರುಗಿಸಿ ನೋಡಿದ. "ಅಲ್ಲ ಸ್ವಾಮಿ, ಇಷ್ಟು ವರ್ಷ ಕೊಯ್ದೀರಿ, ಒಂದಾದ್ರೂ ಹೊಲಿಸ್ಕೊಳಿ ಅಂದ್ರೆ ಬ್ಯಾಡ ಅಂತಿದ್ರಿ. ಈಗ ಭಾನುವಾರ ಬಂದು ಅರ್ಜೆಂಟು ಅಂತೀರಿ. ಆಯ್ತು, ಕೊಡಿ."

ಪ್ರಭುಸ್ವಾಮಿ ಉಳಿದರ್ಧ ಕೊಟ್ಟ. ಸಣ್ಣಯ್ಯ ಮೊದಲರ್ಧ ಕೊಡಲಿಲ್ಲ.

"ತಡಿ ಕಣೋ, ಕತೇಲಿ ಈಗ ತಾನೇ ಮಾವನ ಮನೆಗೆ ಪೊಲೀಸ್ನೋರು ಬಂದವ್ರೆ."

"ಐದು ಗಂಟೆಗೆ ಮೇಷ್ಟ್ರು ನಮ್ಮನ್ನ ಹಿಡ್ಕೊತಾರೆ, ಕೊಡೋ!"

"ನೀನು ಓದಿ ಮುಗ್ಸಿದೀಯ, ಹೇಳ್ತೀಯ. ನಂದು ಇನ್ನೂ ಅರ್ಧದ ಅರ್ಧ."

ಅವನು ಮೊದಲರ್ಧ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಈ ನಡುವೆ ಪ್ರಭುಸ್ವಾಮಿ ಸುಮ್ಮನೆ ಕೂತಿದ್ದನೆಂದು ತಿಳಿಯಬೇಡಿ. ಮರಿಯಯ್ಯನ ಕೈಯಿಂದ ಉಳಿದರ್ಧ ವಾಪಸ್ಸು ಇಸಿದುಕೊಂಡು ಅವನೂ ಓದುತ್ತಿದ್ದ. ಕೊನೆಗೆ ಮರಿಯಯ್ಯ ಇಬ್ಬರ ಕೈಯಿಂದಲೂ ಕಿತ್ತುಕೊಂಡು, ಸೂಜಿ ದಾರ ಹಾಕಿ ಹೊಲಿದು, ಬಿಸಿ ಮೈದಾ ಅಂಟು ಬಳಿದು, ಹೊದಿಕೆ ಕೂರಿಸಿಕೊಟ್ಟ.

"ಒಣಗೋವರ್ಗೂ ಭಾರದಡೀಲಿ ಇರ್ಬೇಕು. ಇಲ್ದಿದ್ರೆ ಬೆನ್ನು ಬಾಯಿಬುಡ್ತದೆ. ನನ್ನ ಪ್ರೆಸ್ಸಲ್ಲಿ ಶಾಲೆ ರಿಜಿಸ್ಟರ್ ಅದೆ, ತೆಗಿಯಂಗಿಲ್ಲ. ಮನೇಲಿ ಏನಾದ್ರೂ ಹೇರಿ."

ಮನೆಯಲ್ಲಿ ಹೇರಲು ಏನೂ ಇರಲಿಲ್ಲ. ರುಬ್ಬುವ ಕಲ್ಲು ಗ್ರೈಂಡರು ಬಂದ ವರ್ಷವೇ ಹೋಗಿತ್ತು. ಸಿಲಿಂಡರಿಗೆ ಕೈಹಾಕಿದರೆ ಮಂಜುಳಮ್ಮ ಸೌಟು ತೋರಿಸಿದಳು. ಸುಂದರೇಶ ನಡುಮನೆಯನ್ನೆಲ್ಲ ಒಮ್ಮೆ ನೋಡಿ, ಕಣ್ಣನ್ನು ಪ್ರಭುಸ್ವಾಮಿಯ ಮೇಲೆ ನಿಲ್ಲಿಸಿದ.

"ಮನೇಲಿ ಇಷ್ಟು ಭಾರ ಇಟ್ಕೊಂಡು ಹೊರಗೆ ಹುಡುಕ್ತೀರಲ್ಲ ಸಾರ್."

"ಪುಸ್ತಕದ ಮೇಲೆ ಕೂರೋದಾ? ಸರಸ್ವತಿ ಕಣ್ರೀ! ಕಾಲು ತಗಲಿದ್ರೆ ಕಣ್ಣಿಗೊತ್ಕೊಳ್ಳೋ ಜನ ನಾವು!"

ಸಣ್ಣಯ್ಯ ಊಟದ ಮಣೆ ತಂದು ಪುಸ್ತಕದ ಮೇಲಿಟ್ಟ. "ನೀನು ಕೂರೋದು ಮಣೆ ಮೇಲೆ. ಮಣೆ ಕೆಳಗೆ ಏನಿದೆ ಅಂತ ನಿನಗ್ಯಾಕೆ?"

ಪ್ರಭುಸ್ವಾಮಿ ಪುಸ್ತಕಕ್ಕೆ ಮೂರು ಸಲ ಕೈಮುಗಿದು, ಪಂಚೆ ಎತ್ತಿ ಕಟ್ಟಿ, ಕಣ್ಣು ಮುಚ್ಚಿ ಕೂತ. ಸಣ್ಣಯ್ಯ ಎದುರಿಗೆ ಕೂತು, ಕೊಯ್ಯುವ ಬುದ್ಧಿ ಮೊದಲು ಯಾರಿಗೆ ಬಂತೆಂಬ ಹಳೆಯ ವಾದ ತೆಗೆದ. ನಾಲ್ಕು ಗಂಟೆಯವರೆಗೆ ಎಲ್ಲವೂ ಸರಿಯಾಗಿತ್ತು.

ನಾಲ್ಕಕ್ಕೆ ಬಾಗಿಲಲ್ಲಿ ಕೊಡೆಯ ತುದಿ ಕಾಣಿಸಿತು. ಅದರ ಹಿಂದೆ ಮೇಷ್ಟ್ರು.

"ಈ ಕಡೆ ವಾಕಿಂಗ್ ಬಂದಿದ್ದೆ. ಪುಸ್ತಕದ ವಿಷಯ ಏನೋ ಬೀದೀಲಿ ಮಾತಾಡ್ಕೋತಿದ್ರು. ನೋಡೋಣ ಅಂತ ಬಂದೆ."

ಸಣ್ಣಯ್ಯ ಎದ್ದ. ಸುಂದರೇಶ ಎದ್ದ. ಮಂಜುಳಮ್ಮ ಅಡುಗೆಮನೆಯಿಂದ ಸೆರಗು ಸರಿಮಾಡಿಕೊಳ್ಳುತ್ತ ಬಂದು ನಿಂತಳು. ಪ್ರಭುಸ್ವಾಮಿ ಮಾತ್ರ ನೆಲದ ಮೇಲೆ ಕೂತೇ ನಮಸ್ಕಾರ ಮಾಡಿದ. ಮೇಷ್ಟ್ರ ಹುಬ್ಬು ಮೇಲೇರಿತು. ಅವರ ಎದುರು ಹೀಗೆ ಕೂತೇ ಇದ್ದವರು ಅವರ ಜೀವಮಾನದಲ್ಲಿ ಯಾರೂ ಇರಲಿಲ್ಲ.

"ಅವರಿಗೆ ಮೂಲವ್ಯಾಧಿ ಸಾರ್, ಏಳಕ್ಕಾಗಲ್ಲ," ಎಂದು ಸುಂದರೇಶ ನೆರವಿಗೆ ಬಂದ.

"ಮೂಲವ್ಯಾಧಿ ಇದ್ದೋನು ಮರದ ಮಣೆ ಮೇಲೆ ಕೂರ್ತಾನೇನಯ್ಯ?" ಮೇಷ್ಟ್ರು ಪ್ರಭುಸ್ವಾಮಿಯ ಕಡೆ ತಿರುಗಿದರು. "ಏಳೋ ಮೇಲೆ!"

ಆ ದನಿ ಕೇಳಿದ ಮೇಲೆ ಕಾಲು ತಲೆಯ ಮಾತು ಕೇಳುವುದಿಲ್ಲ. ಪ್ರಭುಸ್ವಾಮಿ ದಡಕ್ಕನೆ ಎದ್ದ. ಮಣೆ ಉರುಳಿತು. ಪುಸ್ತಕ ಉರುಳಲಿಲ್ಲ. ಪಂಚೆಯ ಅಂಚು ಮಣೆಗೂ ಪುಸ್ತಕಕ್ಕೂ ನಡುವೆ ಸಿಕ್ಕಿಕೊಂಡು ಮೈದಾ ಅಂಟಿಗೆ ಹತ್ತಿತ್ತು. ಮೇಷ್ಟ್ರ ಕಾದಂಬರಿ ಅವನ ಹಿಂದೆ ಬಾಲದಂತೆ ನೇತಾಡುತ್ತಿತ್ತು. ನಾಚಿಕೆಯಿಂದ ಅವನು ಹಿಂದೆ ತಿರುಗಿದ, ಅದೂ ತಿರುಗಿತು. ಮಂಜುಳಮ್ಮ ಒಂದು ಕೈಯಲ್ಲಿ ಗಂಡನ ಪಂಚೆ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಎಳೆದಳು. ಪಂಚೆಯ ಅಂಚು ಪುಸ್ತಕದ ಜೊತೆ ಹೋಯಿತು. ಉಳಿದ ಪಂಚೆ, ದೇವರ ದಯೆಯಿಂದ, ಉಳಿಯಿತು.

ಮೇಷ್ಟ್ರು ಪುಸ್ತಕ ಇಸಿದುಕೊಂಡು ಬೆನ್ನಿನ ಮೇಲೆ ಬೆರಳಾಡಿಸಿದರು. ಬೆರಳು ನಡುವೆ ನಿಂತಿತು.

"ಯಾರು ಕೊಯ್ದದ್ದು?"

ಪ್ರಭುಸ್ವಾಮಿಗೆ ಅಳುವೇ ಬಂತು. ಬೀರು ಹೋಯಿತು, ಓದುಮನೆ ಹೋಯಿತು, ಮಾನವೂ ಹೋಯಿತು. ಇನ್ನು ಸುಳ್ಳು ಯಾಕೆ ಎಂದು ಪ್ರಬಂಧ ಸ್ಪರ್ಧೆಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ. ಮೇಷ್ಟ್ರು ಪೂರ್ತಿ ಕೇಳಿದರು.

"ಮೊದಲರ್ಧ ನೀನು ಓದಿ ಇವನಿಗೆ ಕೊಟ್ಟೆ?"

"ಹೌದು ಸಾರ್."

"ಸರದಿ ವಿಷಯಕ್ಕೆ ಜಗಳ ಆಡಿದ್ದುಂಟಾ?"

"ದಿನಾ ಆಡ್ತೀವಿ ಸಾರ್," ಎಂದ ಸಣ್ಣಯ್ಯ. "ಮಾತು ಮಾತ್ರ ಬಿಟ್ಟಿಲ್ಲ."

"ಇಬ್ಬರೂ ಪೂರ್ತಿ ಓದಿ ಆಯ್ತೇನು?"

"ಇಲ್ಲ ಸಾರ್."

"ಮತ್ಯಾಕೆ ಅಂಟಿಸಿದ್ರಿ, ಪೆದ್ದುಗಳಾ!" ಎಂದರು ಮೇಷ್ಟ್ರು. ಕನ್ನಡಕ ತೆಗೆದು ಒರೆಸಿಕೊಂಡರು. ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಪ್ರಭುಸ್ವಾಮಿಯ ಕೈಯಲ್ಲಿಟ್ಟರು. "ಬೀರು ಎರಡೂ ನಿಮ್ಮದು. ಈಗಲೇ ಸಾಗಿಸಿ. ಮನೆಗೆ ಹೋದಮೇಲೆ ತೆಗೀರಿ. ನನ್ನ ಮುಂದೆ ಬೇಡ."

ಆ ಸಂಜೆ ಜಯಲಕ್ಷ್ಮಿಪುರ ಕಂಡದ್ದು ಮೆರವಣಿಗೆಯೇ ಸರಿ. ಎರಡು ತಳ್ಳುಗಾಡಿ, ಗಾಡಿಗೊಂದು ಬೀರು. ಮುಂದೆ ಅಂಚು ಹರಿದ ಪಂಚೆಯಲ್ಲಿ ಪ್ರಭುಸ್ವಾಮಿ, ಹಿಂದೆ ಬೀರನ್ನು ಮಗುವಿನಂತೆ ತಬ್ಬಿಹಿಡಿದ ಸಣ್ಣಯ್ಯ. "ದಾರಿ ಬಿಡಿ, ದಾರಿ ಬಿಡಿ, ಲೈಬ್ರರಿ ಬರ್ತಿದೆ!" ಎಂದು ಕೂಗುತ್ತ ಸುಂದರೇಶ. ಬೆಳಿಗ್ಗೆ ಛೀ ಎಂದಿದ್ದ ಬೀದಿಯೇ ಈಗ ಗೇಟಿಗೆ ಬಂದು ನಿಂತು ನೋಡಿತು. ಗೆಳೆಯರಿಬ್ಬರೂ ನಗುತ್ತಿದ್ದರು, ನಡುನಡುವೆ ಕಣ್ಣೂ ಒರೆಸಿಕೊಳ್ಳುತ್ತಿದ್ದರು. ಬೀರು ಗೋಡೆಗೆ ಒರಗಿದಾಗ ಮಂಜುಳಮ್ಮನೇ ಅರಿಶಿನ ಕುಂಕುಮ ಇಟ್ಟಳು. ಸೋತರೂ ಅವಳದು ಮಾತಿಗೆ ತಪ್ಪುವ ಜಾತಿಯಲ್ಲ.

ಪ್ರಭುಸ್ವಾಮಿ ಬೀಗ ತೆಗೆದು ಮೊದಲ ಪುಸ್ತಕ ಎಳೆದು ಕಣ್ಣಿಗೊತ್ತಿಕೊಂಡ. ಹಾಗೇ ಕೊನೆಯ ಪುಟ ನೋಡಿದ. ಮಾತು ನಡುವೆಯೇ ನಿಂತಿತ್ತು. ಅದರಾಚೆ ಹಾಳೆಯಿಲ್ಲ, ಬ್ಲೇಡು ಆಡಿದ ನೇರ ಅಂಚು. ಎರಡನೆಯದು ತೆಗೆದ, ಅದೂ ಹಾಗೆಯೇ. ಸಣ್ಣಯ್ಯ ಇನ್ನೊಂದು ಬೀರಿನಲ್ಲಿ ಕೈಹಾಕಿ ಎಳೆದೆಳೆದು ನೋಡಿದ. ಎರಡೂ ಬೀರಿನ ತುಂಬ, ಮೇಲಿಂದ ಕೆಳಗಿನವರೆಗೆ, ಬರೀ ಮೊದಲರ್ಧ.

ಪ್ರಭುಸ್ವಾಮಿ ಫೋನಿಗೆ ಓಡಿದ. ಆ ಕಡೆ ಮೇಷ್ಟ್ರು ಒಮ್ಮೆ ಕೆಮ್ಮಿದರು.

"ತೆಗೆದು ನೋಡಿದ್ರಾ?"

"ಸಾರ್, ಎಲ್ಲಾ ಅರ್ಧ!"

"ನಿಮ್ಮ ಹಾಗೇ ಕಣಪ್ಪ ನಾವೂ. ನಾನು, ಬೋಗಾದಿ ಶಿವಮಲ್ಲಪ್ಪ. ಕೊಯ್ದು ಓದಿ, ಮೊದಲರ್ಧ ನನ್ನ ಮನೇಲಿ, ಉಳಿದದ್ದು ಅವನ ಮನೇಲಿ ಇಡ್ತಿದ್ವಿ. ಆ ನೆಪಕ್ಕಾದ್ರೂ ಒಬ್ಬರ ಮನೆಗೆ ಒಬ್ಬರು ಹೋಗ್ತಿರಬೇಕು ಅಂತ. ಒಂದಿನ ಸರದಿಗೆ ಜಗಳ ಬಂತು. ಮಾತು ಬಿಟ್ವಿ. ಅರ್ಧ ಪುಸ್ತಕ ಯಾರಿಗೆ ಕೊಡ್ಲಿ ಹೇಳು? ನಿಮಗೆ ಕೊಟ್ಟದ್ದೊಂದೇ ಜಗಳ ಆದಮೇಲೆ ಒಬ್ಬನೇ ಕೊಂಡದ್ದು. ಅದಕ್ಕೇ ಇಡಿಯಾಗಿತ್ತು. ಇವತ್ತು ಅದೂ ಕೊಯ್ದಿದ್ದು ನೋಡಿ ಹೊಟ್ಟೆ ತಣ್ಣಗಾಯ್ತು. ನೀವು ಹೋಗಿ ಕೇಳಿ, ಅವನು ಕೊಟ್ಟಾನು. ಎಲ್ಲದರ ಕೊನೆಯೂ ನನಗೆ ಮರೆತುಹೋಗಿದೆ. ನಾನು ಕೇಳ್ದೆ ಅಂತ ಮಾತ್ರ ಹೇಳಬೇಡಿ."

ಪ್ರಭುಸ್ವಾಮಿ ಫೋನಿಟ್ಟು ನಡುಮನೆಗೆ ಬಂದ. ಸಣ್ಣಯ್ಯ ಆಗಲೇ ಮೂಲೆಯಲ್ಲಿ ಒಂದರ್ಧ ಹಿಡಿದು ಕೂತಿದ್ದ. ಪ್ರಭುಸ್ವಾಮಿ ಹೆಂಡತಿಯನ್ನು ನೋಡಲು ಹೆದರಿದ. ಅರ್ಧ ಪುಸ್ತಕಕ್ಕೆ ಪೂರ್ತಿ ಗೋಡೆ ಕೊಡುವವಳಲ್ಲ ಅವಳು.

"ಮಂಜುಳಾ, ನಾಳೆ ಬಡಗಿಗೆ ಬಾ ಅನ್ನು," ಎಂದ ಮೆಲ್ಲಗೆ. "ಉಳಿದದ್ದೆಲ್ಲ ಬೋಗಾದೀಲಿ ಇದೆಯಂತೆ. ಊಟ ಏನಾದ್ರೂ ಇದ್ರೆ ಬಡಿಸು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಇಲ್ಲ."

ಮಂಜುಳಮ್ಮ ಬೀರಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಕಂದು ಹೊದಿಕೆಯ ಪುಸ್ತಕವಿತ್ತು. ಕೊನೆಯ ಪುಟ ತಿರುವಿದಳು, ಹಿಂದೆ ನೋಡಿದಳು, ಮುಂದೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಊಟಾನಾ? ಮೊದಲು ಆ ಲೂನಾ ಹತ್ತಿ, ಇಬ್ರೂ! ಬಡಗಿಯೂ ಬೇಡ, ಶೋಕೇಸೂ ಬೇಡ. ಆ ಹುಡುಗಿ ಗಂಡನ ಮನೆ ಮೆಟ್ಟಿಲು ಹತ್ತಿದ್ಲೋ, ವಾಪಸ್ ಬಸ್ಸು ಹತ್ತಿದ್ಲೋ ಗೊತ್ತಾಗೋವರ್ಗೂ ಈ ಮನೇಲಿ ಒಲೆ ಹಚ್ಚಲ್ಲ!"